ಹತ್ತೊಂಬತ್ತು ಗೀಟಿನ ಟ್ಯೂಬು

ಕಳೆದ ಭಾನುವಾರ ಮಗಳು ಜಾಮೂನು ಮಾಡುತ್ತೇನೆಂದು ಹಾಲಿನಪುಡಿಯ ಪ್ಯಾಕೆಟ್ಟು ಕತ್ತರಿಸಿದಳು. ನಾನು ಹೊರಗೆ ಸೋಫಾದ ಮೇಲೆ ಪೇಪರು ಓದುತ್ತಿದ್ದೆ. ಅಡುಗೆಮನೆಯಿಂದ ಆ ಒಣ ಸಿಹಿ ವಾಸನೆ ಬಂದದ್ದೇ ತಡ, ನನ್ನ ಬಲಗೈ ತಾನಾಗಿಯೇ ಪಕ್ಕದಲ್ಲಿ ಏನನ್ನೋ ತಡಕಾಡಿತು. ಏನನ್ನು ಹುಡುಕುತ್ತಿದ್ದೇನೆಂದು ನನಗೇ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಕೈಗವಸಿನ ಡಬ್ಬಿ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಲ್ಯಾಬಿನಲ್ಲಿ ಹಾಲಿನಪುಡಿ ತೆರೆಯುವ ಮೊದಲು ಕೈಗವಸು ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳದಿದ್ದರೆ ಕಾಕಾ ಬಯ್ಯುತ್ತಿದ್ದರು.

ಈ ವಾಸನೆಗೆ ನಮ್ಮ ಲ್ಯಾಬು ನೆನಪಾಯಿತು ಎಂದೆ. ಹಾಲಿನಪುಡಿಗೂ ಲ್ಯಾಬಿಗೂ ಏನಮ್ಮ ಸಂಬಂಧ ಎಂದು ಮಗಳು ಕೇಳಿದಳು. ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದೆ. ಅದನ್ನು ಹೇಳಬೇಕೆಂದರೆ ಕಾಕಾ ವಿಷಯ ಹೇಳಬೇಕು, ಕಾಕಾ ವಿಷಯ ಹೇಳಬೇಕೆಂದರೆ ಆ ಎಕ್ಸ್-ರೇ ಫಿಲ್ಮಿನ ವಿಷಯ ಹೇಳಬೇಕು. ಆ ಫಿಲ್ಮು ನನಗೇ ಇನ್ನೂ ಅರ್ಥವಾಗಿಲ್ಲ. ಬರೆದರಾದರೂ ಬಿಡಿಸಿಕೊಂಡೀತೇನೋ ಎಂದು ಈಗ ಕುಳಿತಿದ್ದೇನೆ.

ಹೈದರಾಬಾದು ಇನ್ನೂ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ ಅದು. ಈಗ ನಾನಿರುವ ಕೊಂಡಾಪುರದಲ್ಲಿ ಆಗ ಬಂಡೆಗಳು, ಮುಳ್ಳುಕಂಟಿ, ಅಲ್ಲೊಂದು ಇಲ್ಲೊಂದು ಮನೆ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಲಬುರ್ಗಿಯಿಂದ ಬಂದು ಎಷ್ಟೋ ವರ್ಷವಾಗಿದ್ದರೂ ಮನೆಯೊಳಗೆ ನಮ್ಮ ಮಾತು ಬದಲಾಗಿರಲಿಲ್ಲ. ಬಾಗಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಎಂ.ಎಸ್ಸಿ. ಮುಗಿಸಿದ ನನಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಫೆಲೋಷಿಪ್ ಸಿಕ್ಕಿತು. ಮೊದಲ ದಿನ ಕಾರಿಡಾರಿನಲ್ಲಿ ದಿಕ್ಕು ತಪ್ಪಿ ನಿಂತಿದ್ದಾಗ ಬಿಳಿ ಕೋಟು ತೊಟ್ಟ ವಯಸ್ಸಾದವರೊಬ್ಬರು ನನ್ನ ಹೆಸರಿನ ಚೀಟಿ ಓದಿ, "ನಮ್ಮ ಕಡೆಯಾಕಿ ಏನವ್ವಾ ನೀ?" ಎಂದರು. ಅವರೇ ಕಾಕಾ. ಬೀದರ್ ಜಿಲ್ಲೆಯವರು. ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಎಲ್ಲರೂ ಅವರನ್ನು ಸಾಬ್ ಎನ್ನುತ್ತಿದ್ದರು. ನಾನೊಬ್ಬಳೇ ಕಾಕಾ ಎನ್ನುತ್ತಿದ್ದದ್ದು.

ನಮ್ಮ ಲ್ಯಾಬಿನ ಕೆಲಸವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ, ಕೆಟ್ಟ ಕೋಶಗಳೊಳಗೆ ಇರಬಾರದ ಒಂದು ಪ್ರೋಟೀನು ಇರುತ್ತದೆ. ಅದನ್ನು ಹುಡುಕಲು ಒಂದು ಆಂಟಿಬಾಡಿ ಬೇಕು. ಮೊಲದ ರಕ್ತದಿಂದ ತೆಗೆದ ಈ ಆಂಟಿಬಾಡಿ ಸಾವಿರಾರು ಪ್ರೋಟೀನುಗಳ ಸಂತೆಯಲ್ಲಿ ಅದೊಂದನ್ನೇ ಹುಡುಕಿ ಹಿಡಿಯುತ್ತದೆ. ಎಲ್ಲಿ ಹಿಡಿಯಿತೋ ಅಲ್ಲಿ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಬೇರೆಲ್ಲೂ ಅಂಟಿಕೊಳ್ಳದಿರಲಿ ಎಂದು, ಪ್ರೋಟೀನುಗಳನ್ನು ಸಾಲುಸಾಲಾಗಿ ಇಳಿಸಿದ ತೆಳು ಹಾಳೆಯನ್ನು ಮೊದಲು ಹಾಲಿನಪುಡಿ ಕದಡಿದ ನೀರಿನಲ್ಲಿ ನೆನೆಸುವುದು. ಹಾಲಿನಪುಡಿಯ ಸಂಬಂಧ ಅಷ್ಟೇ. ಆ ಪುಡಿಯ ದೆಸೆಯಿಂದ ನಮಗೆಲ್ಲ ಕರಿ ಚಹಾ ಕುಡಿಯುವ ಶಿಕ್ಷೆ. ಒಂದು ಸಲ ನಾನು ಚಮಚ ಹಾಕಲು ಹೋದಾಗ ಕಾಕಾ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಿದ್ದರು. "ನಕ್ಕೋ ತಂಗಿ. ಇದು ಕೆಲಸಕ್ಕ ಐತಿ. ಚಾ ಕುಡಿಯಾಕ ಮನ್ಯಾಗ ಹಾಲು ಐತಿ."

ಆಂಟಿಬಾಡಿ ಹೊರದೇಶದಿಂದ ಬರಬೇಕು. ಬೆರಳಿನ ತುದಿಯಷ್ಟು ಸೀಸೆ, ಅದರೊಳಗೆ ಎರಡು ಹನಿ ಕಣ್ಣೀರಿನಷ್ಟು ದ್ರವ. ಡ್ರೈ ಐಸಿನಲ್ಲಿಟ್ಟು ಕಳಿಸಿದರೆ ಬೇಗಂಪೇಟೆ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಐಸೆಲ್ಲ ಹಾರಿಹೋಗುವವರೆಗೆ ಕೂತಿರುತ್ತಿತ್ತು. ಕಾಕಾ ಬೆಳಿಗ್ಗೆಯೇ ಹೋಗಿ ಆ ಕಚೇರಿಯ ಬೆಂಚಿನ ಮೇಲೆ ಕೂತು, ಕಾಗದಕ್ಕೆ ಸಹಿ ಬೀಳುವವರೆಗೂ ಅಲ್ಲಿನವರ ತಲೆ ತಿಂದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬರುತ್ತಿದ್ದರು. ಹಾಗೆ ತಂದದ್ದನ್ನು ಒಂದು ಸಲಕ್ಕೆ ಬಳಸಿ ಚೆಲ್ಲುವುದುಂಟೇ? ನೀರಲ್ಲಿ ಬೆರೆಸಿದ ಆಂಟಿಬಾಡಿಯನ್ನು ಕೆಲಸವಾದ ಮೇಲೆ ಮತ್ತೆ ಟ್ಯೂಬಿಗೆ ಸುರಿದು, ತಣ್ಣನೆಯ ಕೋಣೆಯಲ್ಲಿಟ್ಟು, ಮತ್ತೆ ಮತ್ತೆ ಬಳಸುತ್ತಿದ್ದೆವು. ಒಂದು ಸಲ ಬಳಸಿದರೆ ಟ್ಯೂಬಿನ ಮೇಲೆ ಒಂದು ಗೀಟು. ಹನ್ನೆರಡು ಗೀಟಾದರೆ ನಿವೃತ್ತಿ. ಅದು ಕಾಕಾ ಮಾಡಿದ ಕಾನೂನು. ಕುದಿಸಿದ ಚಹಾಪುಡಿಯನ್ನೇ ಕುದಿಸಿದರೆ ಹೇಗೋ ಹಾಗೆ, ಪಟ್ಟಿ ಮಸುಕಾಗುತ್ತ ಹೋಗಿ ಒಂದು ದಿನ ಮಾಯವಾಗುತ್ತದೆ ಎನ್ನುತ್ತಿದ್ದರು. ನಿವೃತ್ತಿಯಾದ ಟ್ಯೂಬನ್ನೂ ಅವರು ಚೆಲ್ಲುತ್ತಿರಲಿಲ್ಲ. ಹೊಸಬರಿಗೆ ಕೈ ಪಳಗಲಿ ಎಂದು ಕೆಳಗಿನ ಹಲಗೆಯಲ್ಲಿ ಇಡುತ್ತಿದ್ದರು, ಅದರ ಮೇಲೂ ಗೀಟು ಹಾಕುವುದನ್ನು ಬಿಡುತ್ತಿರಲಿಲ್ಲ. ನಾನು ಕಲಿತದ್ದೂ ಅಂಥ ಟ್ಯೂಬಿನಲ್ಲೇ.

ಅವರಿಂದ ಕಲಿತ ಇನ್ನೊಂದು ಸಂಗತಿ ಕಂಟ್ರೋಲ್. ರೋಗದ ಕೋಶಗಳನ್ನು ನಾವು ಲ್ಯಾಬಿನಲ್ಲೇ ಬೆಳೆಸುತ್ತಿದ್ದೆವು. ಅವುಗಳ ಸಾರವನ್ನು ಪ್ರತಿ ಪ್ರಯೋಗದಲ್ಲೂ ಮೊದಲ ಸಾಲಿಗೆ ಹಾಕಬೇಕು. ಆ ಸಾಲಿನಲ್ಲಿ ಪಟ್ಟಿ ಬಂದೇ ಬರಬೇಕು. ಬಂದರೆ ಆಂಟಿಬಾಡಿ ಕೆಲಸ ಮಾಡಿದೆ, ಉಳಿದ ಸಾಲುಗಳನ್ನು ನಂಬಬಹುದು. ಬರದಿದ್ದರೆ ಆ ಫಿಲ್ಮು ಏನನ್ನೂ ಹೇಳುತ್ತಿಲ್ಲ, ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಅಂಥ ಫಿಲ್ಮಿನ ಮೂಲೆಯಲ್ಲಿ ಕಾಕಾ ಕಪ್ಪು ಮಾರ್ಕರಿನಿಂದ "ರಿಪೀಟ್" ಎಂದು ಬರೆದು, ಪಕ್ಕದಲ್ಲೇ ಯಾರು ಮತ್ತೆ ಮಾಡಬೇಕೋ ಅವರ ಹೆಸರು ಬರೆದು, ಟ್ರೇಯಲ್ಲಿ ಹಾಕುತ್ತಿದ್ದರು. ಬೆಳಿಗ್ಗೆ ಬಂದು ಟ್ರೇ ನೋಡುವುದೆಂದರೆ ಶಾಲೆಯಲ್ಲಿ ಉತ್ತರಪತ್ರಿಕೆ ನೋಡಿದ ಹಾಗೆ. ಮೊದಲ ವರ್ಷ ನನ್ನ ಹೆಸರು ಆ ಟ್ರೇಯಲ್ಲಿ ಕಾಯಂ ಆಗಿತ್ತು.

ಯಾವ ತಿಂಗಳಿಂದ ಅವರು ಸೊರಗತೊಡಗಿದರು ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡಿದ್ದರು, ಅದು ನೆನಪಿದೆ. ಊಟದ ಡಬ್ಬಿಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ಎಡಗಡೆ ಹೊಟ್ಟೆ ಭಾರ ಎನ್ನುತ್ತಿದ್ದರು, ಗ್ಯಾಸು ಎಂದು ನಗುತ್ತಿದ್ದರು... ಅಥವಾ ಗ್ಯಾಸು ಎಂದು ನಕ್ಕದ್ದು ನಾನೋ. ಅದೂ ಈಗ ಸರಿಯಾಗಿ ಗೊತ್ತಿಲ್ಲ.

ಒಂದು ಮಧ್ಯಾಹ್ನ ತಣ್ಣನೆಯ ಕೋಣೆಗೆ ಏನೋ ತರಲು ಹೋದಾಗ ಅವರೂ ಹಿಂದೆಯೇ ಬಂದು ಬಾಗಿಲು ಎಳೆದುಕೊಂಡರು. ಹಲ್ಲು ಕಟಕಟಿಸುವ ಚಳಿ ಅಲ್ಲಿ. ದವಾಖಾನೆಯಲ್ಲಿ ರಕ್ತ ನೋಡಿದ್ದಾರೆ, ಬಿಳಿ ಕೋಶ ಬಹಳ ಇವೆಯಂತೆ, ಸೊಂಟದ ಎಲುಬಿನೊಳಗಿಂದ ತೆಗೆದು ನೋಡಬೇಕು ಎಂದಿದ್ದಾರೆ ಎಂದು ಹೇಳಿದರು. ಹೇಳಿ ಎರಡು ತಿಂಗಳಾಯಿತು, ತಾವು ಹೋಗಿಲ್ಲ ಎಂದೂ ಹೇಳಿದರು.

"ನೀ ಒಂದ್ಸಲ ನೋಡು ತಂಗಿ. ನಮ್ಮ ಆಂಟಿಬಾಡಿ ಐತಲ್ಲ. ಪಟ್ಟಿ ಬಂತಂದ್ರ ನಾಳಿಗೇ ದವಾಖಾನಿಗೆ ಹೋಗ್ತೀನಿ. ಬರಲಿಲ್ಲಂದ್ರ ಸುಮ್ಮ ಎಲುಬಿಗ್ಯಾಕ ಸೂಜಿ ಚುಚ್ಚಸ್ಕೊಳ್ಳಲಿ?"

"ಕಾಕಾ, ಅದರ ಮ್ಯಾಲೆ ಬರದೈತಲ್ರಿ, ಸಂಶೋಧನೆಗೆ ಮಾತ್ರ, ರೋಗ ನೋಡಾಕ ಅಲ್ಲ ಅಂತ."

"ನನಗ ಹೇಳ್ತಿ ಏನು? ನಿನಗ ಅದನ್ನ ಓದಿ ಹೇಳಿದಾಂವ ನಾನ."

ಬೇಡ ಎನ್ನಬೇಕಿತ್ತು. ನಾಳೆಯೇ ದವಾಖಾನೆಗೆ ಹೋಗಿ, ನಾನೂ ಬರುತ್ತೇನೆ ಎನ್ನಬೇಕಿತ್ತು. ಆದರೆ ನನಗೆ ಆಗ ಇಪ್ಪತ್ನಾಲ್ಕು. ಇಷ್ಟು ದಿನ ನನ್ನ ಕೆಲಸ ತಿದ್ದಿದವರು ನನ್ನನ್ನೇ ನಂಬಿ ಬಂದಿದ್ದಾರೆ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಮುಖ್ಯಸ್ಥರು ಆ ವಾರ ದೆಹಲಿಗೆ ಹೋಗಿದ್ದರು. ಕಾಕಾ ಕೆಳಗಿನ ಡಿಸ್ಪೆನ್ಸರಿಯ ನರ್ಸಿಗೆ ಏನೋ ಹೇಳಿ ರಕ್ತ ತೆಗೆಸಿಕೊಂಡು ಬಂದರು. ಟ್ಯೂಬಿನ ಮೇಲೆ ಹೆಸರು ಬರೆಯದೆ ನನ್ನ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿತ್ತು.

ಮೊದಲ ಸಾಲಿಗೆ ಕಂಟ್ರೋಲ್, ಎರಡನೆಯದಕ್ಕೆ ನನ್ನದೇ ರಕ್ತ, ಮೂರನೆಯದಕ್ಕೆ ಕಾಕಾ ರಕ್ತ. ಎಲ್ಲವನ್ನೂ ನಾನೇ ಮಾಡಿದೆ, ಒಂದನ್ನು ಬಿಟ್ಟು. ಸಂಜೆ ಆಂಟಿಬಾಡಿ ಸುರಿದು ಬೆಳಗಿನವರೆಗೆ ಬಿಡಬೇಕಿತ್ತು. ಆ ಹೊತ್ತಿಗೆ ಮೆಹದಿಪಟ್ಟಣದ ಕಡೆಗೆ ಹೋಗುವ ನಮ್ಮ ಬಸ್ಸು ಹಾರ್ನ್ ಹಾಕುತ್ತಿತ್ತು. "ನೀ ಹೋಗು, ನಾ ಹಾಕಿ ಬರ್ತೀನಿ," ಎಂದರು ಕಾಕಾ. ನಾನು ಹೋದೆ. ಬೆಳಿಗ್ಗೆ ಬರುವಷ್ಟರಲ್ಲಿ ಅವರು ನನಗಿಂತ ಮೊದಲೇ ಬಂದು ಆಂಟಿಬಾಡಿಯನ್ನು ಟ್ಯೂಬಿಗೆ ವಾಪಸು ಸುರಿದು ಹಾಳೆಯನ್ನು ತೊಳೆಯಲಿಕ್ಕೆ ಇಟ್ಟಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಡಾರ್ಕ್ ರೂಮಿಗೆ ಹೋದೆವು. ಕೆಂಪು ದೀಪ, ಫಿಕ್ಸರಿನ ಹುಳಿ ವಾಸನೆ. ಫಿಲ್ಮನ್ನು ದ್ರಾವಣದಲ್ಲಿ ಅಲುಗಿಸುತ್ತ ಕಾದೆ. ನನ್ನ ಕಣ್ಣು ಮೊದಲು ಹೋದದ್ದು ಮೂರನೆಯ ಸಾಲಿಗೆ. ಅಲ್ಲಿ ಏನೂ ಇರಲಿಲ್ಲ. ಎಂಥ ಹಗುರ ಆಯಿತು ನನಗೆ. ಆಮೇಲೆ ಮೊದಲ ಸಾಲು ನೋಡಿದೆ. ಅಲ್ಲೂ ಏನೂ ಇರಲಿಲ್ಲ.

ಕಾಕಾ ತಲೆ ನನ್ನ ತಲೆಯ ಪಕ್ಕದಲ್ಲೇ ಇತ್ತು. ಅವರ ಉಸಿರು ಕೇಳುತ್ತಿತ್ತು. ಸಾವಿರ ಫಿಲ್ಮು ನೋಡಿದ ಮನುಷ್ಯ, ಎಲ್ಲರಿಗಿಂತ ಮೊದಲು ಕಂಟ್ರೋಲ್ ನೋಡುವ ಮನುಷ್ಯ.

"ಏನೂ ಬಂದಿಲ್ಲಲ್ಲ ತಂಗಿ."

"ಹೌದ್ರಿ ಕಾಕಾ," ಎಂದೆ.

"ಛಲೋ ಆತು," ಎಂದು ಫಿಲ್ಮನ್ನು ನನ್ನ ಕೈಯಿಂದ ತೆಗೆದುಕೊಂಡರು. ತೊಳೆದರು, ಒಣಗಿಸಿದರು, ಪೇಪರಿನಲ್ಲಿ ಸುತ್ತಿ ತಮ್ಮ ಚೀಲದಲ್ಲಿಟ್ಟುಕೊಂಡರು. ಲ್ಯಾಬಿನ ಯಾವ ಫಿಲ್ಮನ್ನೂ ಅವರು ಮನೆಗೆ ಒಯ್ದದ್ದನ್ನು ನಾನು ನೋಡಿರಲಿಲ್ಲ.

ಅವರು ಹೋದ ಮೇಲೆ ತಣ್ಣನೆಯ ಕೋಣೆಗೆ ಹೋದೆ. ಮೇಲಿನ ಹಲಗೆಯಲ್ಲಿ ಚಾಲ್ತಿಯ ಟ್ಯೂಬು ಇತ್ತು, ನಾಲ್ಕು ಗೀಟು, ನಿನ್ನೆ ಇದ್ದಷ್ಟೇ. ಕೆಳಗಿನ ಹಲಗೆಯಲ್ಲಿ ಹೊಸಬರ ಅಭ್ಯಾಸದ ಟ್ಯೂಬು. ಅದರ ಗೀಟು ಎಣಿಸಿದೆ. ಹದಿನೆಂಟು ಹಳೆಯವು, ಮಾಸಿದ್ದವು. ಹತ್ತೊಂಬತ್ತನೆಯದು ಕಪ್ಪಗೆ, ಹೊಸದಾಗಿ, ನೆಟ್ಟಗೆ.

ಇಲ್ಲಿಂದ ಮುಂದೆ ನನಗೆ ಏನೂ ಸರಿಯಾಗಿ ತಿಳಿಯುವುದಿಲ್ಲ. ಒಮ್ಮೆ ಅನ್ನಿಸುತ್ತದೆ, ಲ್ಯಾಬಿನ ಆಂಟಿಬಾಡಿಯನ್ನು ಸ್ವಂತಕ್ಕೆ ಬಳಸಲು ಅವರ ಮನಸ್ಸು ಒಪ್ಪಲಿಲ್ಲ ಎಂದು. ಚಹಾಕ್ಕೆ ಒಂದು ಚಮಚ ಪುಡಿ ಬಿಡದವರು ಅವರು. ಹಾಗಾದರೆ ಸತ್ತ ಆಂಟಿಬಾಡಿ ಹಾಕಿ ಏನು ನೋಡುವುದಿತ್ತು? ಇನ್ನೊಮ್ಮೆ ಅನ್ನಿಸುತ್ತದೆ, ಪಟ್ಟಿ ಬರುವುದೇ ಅವರಿಗೆ ಬೇಡವಾಗಿತ್ತು, ನನ್ನ ಬಾಯಿಂದ ಇಲ್ಲ ಎನ್ನಿಸಿಕೊಳ್ಳಬೇಕಿತ್ತು, ಅಷ್ಟೇ. ಹಾಗಾದರೆ ಗೀಟು ಯಾಕೆ ಹಾಕಿದರು? ಮುಚ್ಚಿಡುವವರು ಗುರುತು ಮಾಡಿಡುತ್ತಾರೆಯೇ? ಮತ್ತೊಮ್ಮೆ, ಸೊರಗಿದ ಕಣ್ಣಿಗೆ ಹಲಗೆ ತಪ್ಪಿತೇನೋ, ಬರೀ ಕೈತಪ್ಪಿನ ಕೆಲಸವೇನೋ ಅನ್ನಿಸುತ್ತದೆ... ಮೂರನ್ನೂ ನಂಬುತ್ತೇನೆ. ಒಂದೊಂದು ದಿನ ಒಂದೊಂದನ್ನು.

ನನ್ನ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ನಾಳೆ ಹೇಳೋಣ, ಹೊಸ ಟ್ಯೂಬಿನಲ್ಲಿ ಮತ್ತೆ ಮಾಡೋಣ ಎಂದು ಅಂದುಕೊಂಡು ಮನೆಗೆ ಹೋದೆ. ಮರುದಿನ ಅವರು ದೊಡ್ಡ ಡಬ್ಬಿ ತಂದಿದ್ದರು. ಅವರ ಹೆಂಡತಿ, ನಮ್ಮ ಕಾಕು, ಕೊಟ್ಟು ಕಳಿಸಿದ ಶೇಂಗಾ ಹೋಳಿಗೆ. ಲ್ಯಾಬಿನವರಿಗೆಲ್ಲ ಒಂದೊಂದು, ನನಗೆ ಮಾತ್ರ ಬಾಳೆ ಎಲೆಯಲ್ಲಿ ಸುತ್ತಿದ ನಾಲ್ಕು. "ಲ್ಯಾಬಿನ್ಯಾಗ ನೋಡಿದ್ವಿ, ಏನೂ ಇಲ್ಲ ಅಂತ ಹೇಳಿದೆ ಮನ್ಯಾಗ. ಆಕಿ ರಾತ್ರಿಯೇ ಶೇಂಗಾ ಹುರದು ಕುಟ್ಟಿದ್ಲು," ಎಂದರು. ನಾನು ಹೋಳಿಗೆ ತಿಂದೆ.

ಒಂದು ವಾರ ಬಿಟ್ಟು ಧೈರ್ಯ ಮಾಡಿದೆ. "ಕಾಕಾ, ಅವತ್ತಿನ ಕಂಟ್ರೋಲ್..." ಎಂದು ಶುರು ಮಾಡಿದೆ. ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಏನಿತ್ತು ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಮುಂದೆ ಹೇಳು ಎಂದಿತ್ತೋ, ಹೇಳಬೇಡ ಎಂದಿತ್ತೋ. "ಚಾ ಆರಾಕತ್ತೈತಿ ತಂಗಿ," ಎಂದರು. ನಾನು ಚಹಾ ಕುಡಿದೆ. ಅವರು ದವಾಖಾನೆಗೆ ಹೋಗಲಿಲ್ಲ, ನಾನು ಮತ್ತೆ ಕೇಳಲಿಲ್ಲ.

ಆರೇಳು ತಿಂಗಳ ಮೇಲೆ ಕಾರಿಡಾರಿನಲ್ಲಿ ಕುಸಿದು ಬಿದ್ದರು. ಆಗ ಎಲುಬಿನ ಪರೀಕ್ಷೆಯೂ ಆಯಿತು, ಉಳಿದವೂ ಆದವು. ನಾವು ದಿನಾ ಹುಡುಕುತ್ತಿದ್ದ ರೋಗವೇ ಅದು, ನಮ್ಮ ಟ್ಯೂಬಿನ ಮೇಲೆ ಬರೆದಿದ್ದ ಪ್ರೋಟೀನೇ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಆಗಿನ ಔಷಧದಲ್ಲಿ ಗ್ಯಾರಂಟಿ ಹೇಳಲಾಗದು, ಇನ್ನಷ್ಟು ಕಾಲ ಸಿಗುತ್ತಿತ್ತೇನೋ ಎಂದರು. ಅದಾದ ಮೇಲೆ ಕಾಕಾ ಬಹಳ ದಿನ ಇರಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಟ್ರೇ ಖಾಲಿ ಇದೆಯೋ ಎಂದು ಕೇಳಿದರು. ಖಾಲಿ ಇದೆ ಎಂದೆ. ಯಾರ ಹೆಸರೂ ಇಲ್ಲವಾ ಎಂದು ಮತ್ತೆ ಕೇಳಿದರು. ಅದನ್ನೂ ನಾನು ಲ್ಯಾಬಿನ ಮಾತು ಎಂದೇ ತಿಳಿದೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮೆಹದಿಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋದೆ. ಕಾಕು ಆಸ್ಪತ್ರೆಯ ಎಕ್ಸ್-ರೇಗಳ ಕವರು ತಂದು, ಅದರೊಳಗಿಂದ ಅಂಗೈ ಅಗಲದ ಒಂದು ಫಿಲ್ಮು ತೆಗೆದು ನನ್ನ ಮುಂದಿಟ್ಟರು.

"ಇದನ್ನ ತಲಿದಿಂಬಿನ ಬುಡಕ ಇಟ್ಕೊಂಡಿದ್ರು. ಇದರಾಗ ಏನೂ ಇಲ್ಲ ಅಂತ ನೀನ ಹೇಳಿದ್ದೆಂತಲ್ಲ. ನನಗೂ ಏನೂ ಕಾಣಸವಲ್ದು. ಮತ್ತ ಹಿಂಗ್ಯಾಕಾತು, ತಂಗಿ?"

ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಓದಿದವಳಿಗೆ ಗೊತ್ತಿರುತ್ತದೆ ಎಂದು ಕೇಳಿದ್ದರು, ಅಷ್ಟೇ. ನಾನು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೂರು ಸಾಲೂ ಖಾಲಿ. ಕೆಳಗಿನ ಮೂಲೆಯಲ್ಲಿ ಕಪ್ಪು ಮಾರ್ಕರಿನಲ್ಲಿ, ಅವರದೇ ದುಂಡಗಿನ ಅಕ್ಷರದಲ್ಲಿ, "ರಿಪೀಟ್" ಎಂದಿತ್ತು. ಪಕ್ಕದಲ್ಲಿ ಹೆಸರು ಬರೆಯುವ ಜಾಗದಲ್ಲಿ ಏನೂ ಇರಲಿಲ್ಲ.

ಇದೇನು ಬರೆದಾರ ಎಂದು ಕಾಕು ಕೇಳಿದರು. ಲ್ಯಾಬಿನ ಗುರುತು ಎಂದೆ. ಹೊರಡುವಾಗ ಫಿಲ್ಮನ್ನು ನನಗೇ ಕೊಟ್ಟುಬಿಟ್ಟರು, ನಿಮ್ಮ ಲ್ಯಾಬಿಂದು, ನಿಮ್ಮ ಕಡೆ ಇರಲಿ ಎಂದು. ಮುಂದಿನ ವರ್ಷ ಅವರು ಮಗನ ಜೊತೆ ಬೀದರಿಗೆ ಹೋದರೆಂದು ಕೇಳಿದೆ. ನಾನು ಹೋಗಿ ನಿಜ ಹೇಳಿ ಬರಬಹುದಿತ್ತು. ಹೋಗಲಿಲ್ಲ. ಈಗ ಕಾಕುವೂ ಇಲ್ಲ.

ಭಾನುವಾರ ಮಗಳ ಜಾಮೂನು ಪಾಕದಲ್ಲಿ ನೆನೆಯುತ್ತಿದ್ದಾಗ ನಾನು ಬೀರುವಿನ ಹಳೆಯ ಫೈಲಿನಿಂದ ಆ ಫಿಲ್ಮು ತೆಗೆದೆ. ಅಂಚು ಹಳದಿಯಾಗಿದೆ. ಅಕ್ಷರ ಹಾಗೇ ಇದೆ. ಯಾವಾಗ ಬರೆದರೋ ಅದನ್ನು? ಡಾರ್ಕ್ ರೂಮಿನಿಂದ ಹೊರಗೆ ಬಂದ ದಿನವೇ ಬರೆದು, ನಾನು ಬಂದು ಕೇಳಲಿ ಎಂದು ಕಾದರೋ? ಎಲ್ಲ ಮುಗಿದ ಮೇಲೆ ಹಾಸಿಗೆಯಲ್ಲಿ ಕೂತು, ಅಭ್ಯಾಸಬಲದಿಂದ ಬರೆದರೋ? ನನ್ನ ಹೆಸರು ಬರೆಯಲು ಹೋಗಿ, ಪಾಪ ಬೇಡ ಎಂದು ಬಿಟ್ಟರೋ? ಕಾಕಾ, ನನಗೆ ಬಯ್ಯುವುದಾದರೂ ಬಯ್ದು ಹೋಗಬಾರದಿತ್ತೇ.

ಮಗಳ ಮೇಜಿನ ಮೇಲಿಂದ ಒಂದು ಮಾರ್ಕರು ತಂದು, ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ಬರೆದು ಸ್ವಲ್ಪ ಹೊತ್ತು ಊದಿ ಒಣಗಿಸಿದೆ. ಮತ್ತೆ ಮಾಡಲು ಇನ್ನು ಆ ರಕ್ತ ಎಲ್ಲೂ ಇಲ್ಲ. ಒಳಗಿನಿಂದ ಮಗಳು, ಜಾಮೂನು ಆಯಿತು, ಬಾ ಎಂದು ಕರೆದಳು.